ಮುರ್ಘಾಬ್ ನದಿ ಸಮುದ್ರ ಸೇರುವುದಿಲ್ಲ ಅಂತಾರೆ, ಹಾಗಾದರೆ ಅದು ಎಲ್ಲಿ ಹೋಗುತ್ತದೆ?

ಮರಳಿನಲ್ಲೇ ಇಂಗಿಹೋಗುತ್ತದೆ. ಅಫ್ಘಾನಿಸ್ತಾನದ ಬೆಟ್ಟಗಳಲ್ಲಿ ಹುಟ್ಟಿ, 800 ಕಿ.ಮೀ.ಗೂ ಜಾಸ್ತಿ ಹರಿದು, ತುರ್ಕಮೆನಿಸ್ತಾನದ ಕಾರಕುಮ್ ಮರುಭೂಮಿಯಲ್ಲಿ ಮುಗಿಯುತ್ತದೆ. ಬೆಟ್ಟದ ಹಿಮ ಮತ್ತು ಮಳೆಯೇ ಇದಕ್ಕೆ ನೀರು. ಮರುಭೂಮಿಗೆ ಇಳಿದ ಮೇಲೆ ನದಿ ಬೀಸಣಿಗೆಯಂತೆ ಕವಲೊಡೆಯುತ್ತದೆ. ಉಳಿದ ನೀರನ್ನು ಹೊಲಗಳು, ಬಿಸಿಲು, ಮರಳು ಹಂಚಿಕೊಳ್ಳುತ್ತವೆ.

ಆ ಕವಲುಗಳ ಮಣ್ಣಿನಲ್ಲೇ ಇದರ ನಿಜವಾದ ಕಥೆ ಇರುವುದು. ಸುಮಾರು 4000 ವರ್ಷಗಳ ಹಿಂದೆ ಇಲ್ಲಿ ಗೋನುರ್ ಎಂಬ ಊರಿತ್ತು. ಪುರಾತತ್ತ್ವಜ್ಞ ವಿಕ್ಟರ್ ಸರಿಯಾನಿದಿ ಅದನ್ನು ದಶಕಗಳ ಕಾಲ ಅಗೆದರು. ಅಲ್ಲಿ ಆನೆಯ ಚಿತ್ರವಿರುವ ಸಿಂಧೂ ಕಣಿವೆಯ ಮುದ್ರೆಯೊಂದು ಸಿಕ್ಕಿದೆ! ಅಷ್ಟು ದೂರದವರೆಗೂ ವ್ಯಾಪಾರದ ನಂಟು ಇತ್ತು ಅನ್ನುವುದು ನನಗೆ ಇಂದಿಗೂ ಬೆರಗು. ಗೋನುರ್ ಈಗ ಹಸಿರಿನಿಂದ ದೂರ, ಬರೀ ಮರಳಿನ ನಡುವೆ ಇದೆ. ನೀರು ಹಿಂದೆ ಸರಿದಂತೆ ಜನವೂ ಸರಿದರು.

ಮುಂದೆ ಇದೇ ನೀರು ರೇಷ್ಮೆ ದಾರಿಯ ಮರ್ವ್ ನಗರವನ್ನು ಸಾಕಿತು. 1221ರಲ್ಲಿ ಮಂಗೋಲರು ಅದನ್ನು ಹಾಳುಗೆಡವಿದರು. ಊರು ಮತ್ತೆ ಚೇತರಿಸಿಕೊಂಡಿತು. 18ನೇ ಶತಮಾನದ ಕೊನೆಯಲ್ಲಿ ಬುಖಾರಾದ ದೊರೆ ಶಾ ಮುರಾದ್ ನದಿಯ ಅಣೆಕಟ್ಟನ್ನೇ ಒಡೆಸಿದ. ಕತ್ತಿಗಿಂತ ಈ ಪೆಟ್ಟೇ ದೊಡ್ಡದು, ಯಾಕೆಂದರೆ ಅಣೆಕಟ್ಟಿಲ್ಲದೆ ಅಲ್ಲಿ ಬೆಳೆಯೇ ಇಲ್ಲ.

1954ರಲ್ಲಿ ಸೋವಿಯತ್ ಸರ್ಕಾರ ಕಾರಕುಮ್ ಕಾಲುವೆ ತೋಡಲು ಶುರುಮಾಡಿತು. ಈಗ ಅಮು ದರಿಯಾ ನದಿಯ ನೀರು ಈ ಬಯಲಿಗೂ ಬರುತ್ತದೆ, ಹತ್ತಿ ಬೆಳೆಯುತ್ತದೆ.