ಒಂದೇ ಸೀಸನ್‌ನಲ್ಲಿ ಎರಡು ಸಲ ಫ್ಲೂ ಬರುತ್ತಾ ಡಾಕ್ಟ್ರೇ?

ಪ್ರಶ್ನೆ: ಹೋದ ತಿಂಗಳು ಟೆಸ್ಟ್‌ನಲ್ಲಿ ಎಚ್3ಎನ್2 ಅಂತ ಬಂದಿತ್ತು, ವಾಸಿ ಆಯ್ತು. ಈಗ ಮತ್ತೆ ಜ್ವರ, ಇನ್‌ಫ್ಲುಯೆಂಜಾ ಬಿ ಅಂತೆ. ಮೊದಲ ರಿಪೋರ್ಟ್ ತಪ್ಪಾ? ಎರಡೂ ಒಟ್ಟಿಗೇ ಬರಬಹುದಾ?

ಉತ್ತರ: ಪ್ರತಿ ಸೀಸನ್‌ಗೂ ಇದೇ ಪ್ರಶ್ನೆ, ಬಡಪಾಯಿ ಲ್ಯಾಬ್‌ನವರ ಮೇಲೆ ಇದೇ ಅನುಮಾನ. ರಿಪೋರ್ಟ್ ಸರಿಯಾಗೇ ಇರುತ್ತೆ. ಫ್ಲೂ ಅಂದ್ರೆ ಒಂದೇ ವೈರಸ್ ಅಲ್ಲ, ಈಗ ಜನರಲ್ಲಿ ಓಡಾಡ್ತಿರೋದು ಮುಖ್ಯವಾಗಿ ಮೂರು, 1968ರಿಂದ ಇರೋ ಎಚ್3ಎನ್2, 2009ರಲ್ಲಿ ಬಂದು ಇಲ್ಲೇ ಉಳ್ಕೊಂಡ ಎಚ್1ಎನ್1, ಆಮೇಲೆ ಬಿ ವಿಕ್ಟೋರಿಯಾ. ಮೊದಲೆರಡು ಎ ಗುಂಪಿನವು, ಮೂರನೇದು ಬಿ. (ಬಿ ಯಮಗಾಟ ಅಂತ ನಾಲ್ಕನೇದಿತ್ತು, 2020ರ ಮಾರ್ಚ್ ಆದ್ಮೇಲೆ ಅದರ ಸುಳಿವೇ ಇಲ್ಲ, ಅದಕ್ಕೇ ಲಸಿಕೆಯಿಂದಲೂ ಕೈಬಿಡ್ತಿದಾರೆ.) ಎಚ್3ಎನ್2ಗೆ ಅಂತ ದೇಹ ಮಾಡ್ಕೊಂಡ ಆಂಟಿಬಾಡಿಗೆ ಬಿ ಗುರುತೇ ಸಿಗಲ್ಲ. ಎಷ್ಟೋ ಸೀಸನ್‌ಗಳಲ್ಲಿ ಮೊದಲು ಎ ಏರುತ್ತೆ, ಅದು ಇಳಿಯೋ ಹೊತ್ತಿಗೆ ಬಿ ಏರುತ್ತೆ, ನೀವು ಎರಡಕ್ಕೂ ಸಿಕ್ಕಿದೀರ ಅಷ್ಟೇ.

ಒಟ್ಟಿಗೇ ಬರೋದೂ ಉಂಟು, ಅಪರೂಪ. ಒಂದು ವೈರಸ್ ಒಳಗೆ ಕೂತ ತಕ್ಷಣ ದೇಹ ವೈರಸ್ ತಡೆಯೋ ಪ್ರೋಟೀನ್ ಆದ ಇಂಟರ್‌ಫೆರಾನ್ ಬಿಡುತ್ತೆ, ಅದು ಕೆಲವು ದಿನ ಇನ್ನೊಂದು ವೈರಸ್ಸಿಗೂ ಅಡ್ಡಗಾಲು. ಎರಡು ಬೇರೆ ಎ ವೈರಸ್ ಒಂದೇ ಜೀವಕೋಶಕ್ಕೆ ಹೊಕ್ಕರೆ ತಮ್ಮ 8 ಜೀನ್ ತುಂಡುಗಳನ್ನ ಅದಲು ಬದಲು ಮಾಡ್ಕೊಂಡು ಹೊಸ ವೈರಸ್ ಆಗಬಹುದು, ಆ ತಲೆನೋವು ನಮಗಿರಲಿ, ನಿಮಗೆ ಬೇಡ.

ನೀವು ಹೆದರಬೇಕಾದ ಜೋಡಿ ಬೇರೆ, ಫ್ಲೂ ಜೊತೆ ಬ್ಯಾಕ್ಟೀರಿಯಾ. ವೈರಸ್ ಶ್ವಾಸನಾಳದ ಒಳಪದರ ಕೆರೆದು ಹಾಕಿರುತ್ತೆ, ಮೂಗು ಗಂಟಲಲ್ಲಿ ಸುಮ್ನೆ ಬಿದ್ದಿದ್ದ ನ್ಯುಮೊಕಾಕಸ್, ಸ್ಟ್ಯಾಫ್ ಅನ್ನೋ ಬ್ಯಾಕ್ಟೀರಿಯಾಗಳು ಅಲ್ಲಿಂದ ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ತರುತ್ವೆ. 1918ರ ಫ್ಲೂ ಮಹಾಮಾರಿಯಲ್ಲಿ ಸತ್ತವರಲ್ಲಿ ಬಹುಪಾಲು ಜನರನ್ನ ಮುಗಿಸಿದ್ದು ಈ ನ್ಯುಮೋನಿಯಾನೇ. ಗುರುತು ಏನಂದ್ರೆ ಜ್ವರ ಬಿಟ್ಟು, ಹುಷಾರಾದೆ ಅಂತ ಎದ್ದು ಓಡಾಡಿ, ಎರಡ್ಮೂರು ದಿನಕ್ಕೆ ಮತ್ತೆ ಜೋರು ಜ್ವರ, ಕಫ, ಎದೆನೋವು, ಏದುಸಿರು. ನಿಮಗೆ ಹಾಗೇನಾದ್ರೂ ಆಗ್ತಿದ್ರೆ ರಿಪೋರ್ಟಲ್ಲಿ ಬಿ ಅಂತಿದೆ ಅಂತ ಸಮಾಧಾನ ಮಾಡ್ಕೊಂಡು ಕೂರ್ಬೇಡಿ, ನನಗೆ ಬರೆಯೋದು ಬಿಟ್ಟು ಇವತ್ತೇ ಎದೆ ಪರೀಕ್ಷೆ ಮಾಡಿಸಿ.

"ಹಾಗಾದ್ರೆ ಮೊದಲ ದಿನದಿಂದ್ಲೇ ಆಂಟಿಬಯೋಟಿಕ್ ನುಂಗಿದ್ರೆ?" ಬೇಡ. ವೈರಸ್ಸಿಗೆ ಅದು ತಾಗಲ್ಲ, ನ್ಯುಮೋನಿಯಾ ತಡೆಯುತ್ತೆ ಅಂತ ಮಾರೋರ ಮಾತು ಕೇಳ್ಬೇಡಿ, ಉಳಿಯೋದು ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಮಾತ್ರ. ವೈರಸ್ಸಿಗೆ ಇರೋ ಮಾತ್ರೆ ಒಸೆಲ್ಟಾಮಿವಿರ್, ಅದೂ 48 ಗಂಟೆ ಒಳಗೆ ಶುರುವಾದ್ರೆ ಚೆನ್ನ, ಡಾಕ್ಟರ್ ಬರೆದುಕೊಟ್ರೆ ಮಾತ್ರ.

"ಲಸಿಕೆ ಚುಚ್ಚಿಸ್ಕೊಂಡ ಮೂರನೇ ದಿನಕ್ಕೇ ಫ್ಲೂ ಬಂತು, ಲಸಿಕೆಯಿಂದ್ಲೇ ಅಲ್ವಾ?" ಅಲ್ಲ. ಇಂಜೆಕ್ಷನ್‌ನಲ್ಲಿ ಜೀವಂತ ವೈರಸ್ಸೇ ಇಲ್ಲ, ರಕ್ಷಣೆ ಬರೋಕೆ ಎರಡು ವಾರ ಬೇಕು, ನಿಮಗೆ ಬೇರೆ ಕಡೆಯಿಂದ ಅಂಟಿದೆ.

"ಹಬೆ ತಗೊಂಡ್ರೆ ವೈರಸ್ ಸಾಯುತ್ತಾ?" ಇಲ್ಲ. ಮುಖ ಸುಡುತ್ತೆ.