‘ಗಂಡಸಿನ ಮನಸ್ಸು’ ಬರೆದವರಿಗೆ

ಆತ್ಮೀಯರೇ, ನಮಸ್ಕಾರ.

‘ಗಂಡಸಿನ ಮನಸ್ಸು’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಆದರೆ ಅದರ ನಾಲ್ಕನೇ ಪುಟ ನನ್ನನ್ನು ಬಿಡುತ್ತಿಲ್ಲ, ಅದಕ್ಕೇ ಇಷ್ಟುದ್ದದ ಪತ್ರ.

ಮೊದಲ ಮೂರು ಪುಟಗಳಲ್ಲಿ ‘ಗಂಡಸು ಹುಟ್ಟಿನಿಂದಲೇ ಹೀಗೆ’ ಎನ್ನುತ್ತಲೇ ಹೋಗುತ್ತೀರಿ. ಆಧಾರವಾಗಿ ಕೊಡುವುದು ಜನರ ಧೋರಣೆ ಅಳೆಯುವ ಪ್ರಶ್ನಾವಳಿಗಳನ್ನು. ಎಡವಿದ್ದು ಇಲ್ಲೇ. ‘ಗಂಡಸಾದವನು ನೋವು ತೋರಿಸಿಕೊಳ್ಳಬಾರದು, ಒಪ್ಪುತ್ತೀರಾ?’ ಎಂಬಂಥ ಪ್ರಶ್ನೆಗಳಿಗೆ ಹೆಂಗಸರೂ ಉತ್ತರ ಕೊಡುತ್ತಾರೆ. ಗಂಡಸು ಹೇಗಿರಬೇಕೆಂದು ಜನ ಬಯಸುತ್ತಾರೆ ಎನ್ನುವುದಷ್ಟೇ ಅದರಿಂದ ತಿಳಿಯುತ್ತದೆ. ಆ ಬಯಕೆಯ ಭಾರವನ್ನೇ ಮನಶ್ಶಾಸ್ತ್ರಜ್ಞ ಜೋಸೆಫ್ ಪ್ಲೆಕ್ 1981ರಲ್ಲಿ ಮುಂದಿಟ್ಟದ್ದು: ಅಳತೆಗೆ ಏರಲಾಗದವನೂ ನವೆಯುತ್ತಾನೆ, ಏರಿದವನೂ ಬೆಲೆ ತೆರುತ್ತಾನೆ.

‘ಸಿಟ್ಟು ಗಂಡಸಿನ ರಕ್ತದಲ್ಲೇ ಇದೆ’ ಎಂದೂ ಬರೆದಿದ್ದೀರಿ. ಮನಶ್ಶಾಸ್ತ್ರಜ್ಞರಾದ ಜೆನಿಫರ್ ಬಾಸನ್, ಜೋಸೆಫ್ ವ್ಯಾಂಡೆಲ್ಲೊ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಕೆಲವು ಗಂಡಸರಿಗೆ ಹಗ್ಗ ಹೆಣೆಯಲು ಹೇಳಿದರು, ಇನ್ನು ಕೆಲವರಿಗೆ ಗೊಂಬೆಯ ತಲೆಗೂದಲಿಗೆ ಜಡೆ ಹಾಕಲು ಹೇಳಿದರು. ಬೆರಳಿನ ಕೆಲಸ ಒಂದೇ. ಆಮೇಲೆ ಒಗಟು ಬಿಡಿಸುತ್ತೀರೋ, ಪಂಚಿಂಗ್ ಬ್ಯಾಗಿಗೆ ಗುದ್ದುತ್ತೀರೋ ಎಂದು ಕೇಳಿದಾಗ, ಗುದ್ದಲು ಹೆಚ್ಚಾಗಿ ಮುಂದಾದವರು ಜಡೆ ಹಾಕಿದವರು. ಎರಡೂ ಗುಂಪಿನವರು ಗಂಡಸರೇ ತಾನೆ? ಗಂಡಸುತನ ಕೈಜಾರಿತೇನೋ ಎಂಬ ಅಳುಕು ಜಡೆ ಹಾಕಿದವರನ್ನು ಕೆಣಕಿತ್ತು.

ಈಗ ನಾಲ್ಕನೇ ಪುಟ. ಆಸ್ಪತ್ರೆಯ ವರಾಂಡದಲ್ಲಿ ನಿಮ್ಮ ತಂದೆಯವರು ತಾಯಿಯ ರಿಪೋರ್ಟನ್ನು ಮಡಚುತ್ತಾರೆ, ಬಿಡಿಸುತ್ತಾರೆ, ಮತ್ತೆ ಅದೇ ಮಡಿಕೆಯಲ್ಲಿ ಮಡಚುತ್ತಾರೆ. ಕೊನೆಗೆ ಹಾಳೆ ಹರಿಯುತ್ತದೆ. ಅವರು ನಿಮ್ಮ ಕಡೆ ತಿರುಗಿ, ‘ಗಾಡಿಗೆ ಪೆಟ್ರೋಲ್ ಹಾಕಿಸಿದ್ಯಾ?’ ಎನ್ನುತ್ತಾರೆ. ಓದಿ ಸುಮ್ಮನೆ ಕೂತುಬಿಟ್ಟೆ. ಮುಂದಿನ ಸಾಲಿನಲ್ಲೇ ನೀವು, ‘ಗಂಡಸರಿಗೆ ಭಾವನೆ ಕಡಿಮೆ’ ಎಂದು ತೀರ್ಪು ಕೊಟ್ಟಿದ್ದೀರಿ! ಹಾಗಾದರೆ ಆ ಕೈಗಳಲ್ಲಿ ಇದ್ದದ್ದೇನು? ಭಾವನೆ ಇಲ್ಲದಿರುವುದು ಬೇರೆ, ಅದಕ್ಕೆ ಮಾತು ಸಿಗದಿರುವುದು ಬೇರೆ. ಹುಡುಗರನ್ನು ಬೆಳೆಸುವ ರೀತಿಯಲ್ಲೇ ಆ ಮಾತು ಕಳೆದುಹೋಗುತ್ತದೆಂದು ವಾದಿಸಿದವರು ಮನಶ್ಶಾಸ್ತ್ರಜ್ಞ ರೊನಾಲ್ಡ್ ಲೆವಂಟ್. ತಿದ್ದುವ ಮೊದಲು ಅವರನ್ನು ಓದಿ.

ಆ ದಿನ ಏನನ್ನಿಸಿತ್ತು ಎಂದು ತಂದೆಯವರನ್ನು ಕೇಳಿದ್ದೀರಾ? ಲೇಖನದಲ್ಲಿ ಎಲ್ಲೂ ಇಲ್ಲ. ಎದುರು ಕೂರಿಸಿಕೊಂಡು ಕೇಳಬೇಡಿ, ಗಾಡಿಯಲ್ಲಿ ಜೊತೆಗೆ ಹೋಗುವಾಗ ಕೇಳಿ. ಏನೂ ಹೇಳದಿದ್ದರೆ, ಹೇಳಲಿಲ್ಲ ಎಂದೇ ಬರೆಯಿರಿ. ಮೊದಲ ಮೂರು ಪುಟ ಕೈಬಿಟ್ಟು, ವರಾಂಡದಿಂದಲೇ ಶುರು ಮಾಡಿ ಕಳಿಸಿ. ಬಂದ ದಿನವೇ ಓದುತ್ತೇನೆ.

ವಿಶ್ವಾಸದಿಂದ,
ಸಂಪಾದಕ