ಹಿಡಿದು ಬಿಡುವುದಾದರೆ ಹಿಡಿಯುವುದೇಕೆ?

ಶಿವಮೊಗ್ಗದ ಓದುಗರೊಬ್ಬರು ಜುಲೈನಲ್ಲಿ ಮಗನ ಸಂಸಾರದೊಂದಿಗೆ ಅಮೆರಿಕದ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನ ನೋಡಲು ಹೊರಟಿದ್ದಾರೆ. ದಾರಿಯಲ್ಲಿ ಐಡಹೊ ರಾಜ್ಯದ ಬಿಗ್ ಸ್ಪ್ರಿಂಗ್ಸ್ ಎಂಬ ದೊಡ್ಡ ಒರತೆ ಸಿಗುತ್ತದೆ. ‘ಒರತೆಯ ತುಂಬ ಮೀನಿದ್ದರೂ ಗಾಳ ಹಾಕುವಂತಿಲ್ಲವಂತೆ. ಕೆಳಗೆ ಹೊಳೆಯಲ್ಲಿ ಹಾಕಬಹುದಂತೆ, ಆದರೆ ಹಿಡಿದದ್ದನ್ನು ಬಿಟ್ಟುಬಿಡಬೇಕಂತೆ. ಇದೆಂಥ ಮೀನು ಬೇಟೆ?’ ಎಂದು ಕೇಳಿದ್ದಾರೆ.

ಸಂಪಾದಕರ ಉತ್ತರ:

ನಿಮ್ಮ ಸಿಟ್ಟು ಸಹಜವೇ. ತುಂಗೆಯ ದಂಡೆಯಲ್ಲಿ ಬೆಳೆದವರಿಗೆ ಮೀನಿನ ವಿಚಾರದಲ್ಲಿ ಎರಡೇ ದಾರಿ: ಸಾರಿಗೆ ಹಿಡಿಯುವುದು, ಇಲ್ಲವೇ ಶೃಂಗೇರಿಯ ಮೆಟ್ಟಿಲ ಮೇಲೆ ನಿಂತು ನೋಡುವುದು. ಬಿಗ್ ಸ್ಪ್ರಿಂಗ್ಸ್ ಎರಡನೆಯ ಬಗೆಯ ಜಾಗ, ದೇವರಿಲ್ಲ ಅಷ್ಟೆ. ಸೇತುವೆಯಿಂದ ಬಗ್ಗಿ ನೋಡಿದರೆ ದಪ್ಪ ದಪ್ಪ ರೇನ್‌ಬೋ ಟ್ರೌಟ್ ಮೀನುಗಳು ನಿಮ್ಮ ಪರಿವೆಯೇ ಇಲ್ಲದೆ ನಿಂತಿರುತ್ತವೆ.

ಪಕ್ಕದ ಪ್ರಸ್ಥಭೂಮಿಯಲ್ಲಿ ಬಿದ್ದ ಹಿಮ ಕರಗಿ, ಲಾವಾ ಬಂಡೆಯ ಬಿರುಕುಗಳಲ್ಲಿ ಇಳಿದು ಇಲ್ಲಿ ಉಕ್ಕುತ್ತದೆ, ದಿನಕ್ಕೆ ಸುಮಾರು 45 ಕೋಟಿ ಲೀಟರ್. ಜುಲೈ ಇರಲಿ ಜನವರಿ ಇರಲಿ, ನೀರು ಹೆಚ್ಚುಕಡಿಮೆ 11 ಡಿಗ್ರಿ ಸೆಲ್ಸಿಯಸ್. ಬೇಸಿಗೆಯಲ್ಲಿ ಆ ತಂಪು ಟ್ರೌಟ್‌ಗೆ ಬೇಕು. ಚಳಿಗಾಲದಲ್ಲಿ ಸುತ್ತಲಿನ ಕೆರೆಗಳು ಹೆಪ್ಪುಗಟ್ಟಿದಾಗ ಇದೇ ನೀರು ಹರಿಯುತ್ತಿರುವುದರಿಂದ ಟ್ರಂಪೆಟರ್ ಹಂಸಗಳು ಕೆಳಗಿನ ಹೊಳೆಗೆ ಬಂದು ಸೇರುತ್ತವೆ. ಆ ಹಿಂಡು ನಿಮಗೆ ಜುಲೈನಲ್ಲಿ ಸಿಗದು. ಬೆಳಿಗ್ಗೆ ಬೇಗ ಹೋದರೆ ನೀರಿಗಿಳಿದ ಮೂಸ್ ಎಂಬ ಭಾರೀ ಜಿಂಕೆ, ಮೀನಿಗೆ ಎರಗುವ ಆಸ್ಪ್ರೇ ಹದ್ದು ಕಂಡಾವು.

ಗಾಳದ ಮಾತಿಗೆ ಬರೋಣ. ಈ ಒರತೆಯೇ ಮುಂದೆ ಹೆನ್ರಿಸ್ ಫೋರ್ಕ್ ಹೊಳೆಯಾಗಿ ಹ್ಯಾರಿಮನ್ ಉದ್ಯಾನದ ಮೂಲಕ ಹರಿಯುತ್ತದೆ. ಹ್ಯಾರಿಮನ್ ಕುಟುಂಬ 1977ರಲ್ಲಿ ರಾಜ್ಯಕ್ಕೆ ಕೊಟ್ಟ ಜಾಗವದು. ಅಲ್ಲಿ ಎರೆಹುಳು ನಡೆಯದು. ಗರಿ, ದಾರ ಸುತ್ತಿ ಮಾಡಿದ ಹುಸಿ ನೊಣವೇ ಆಗಬೇಕು. ತಿಳಿನೀರಿನ ಮೀನು ಆ ನೊಣವನ್ನು ಹತ್ತಿರದಿಂದ ಪರೀಕ್ಷಿಸಿ, ಒಪ್ಪಿಗೆಯಾಗದಿದ್ದರೆ ಮುಖ ತಿರುಗಿಸುತ್ತದೆ. ಅದನ್ನು ಒಪ್ಪಿಸುವುದೇ ಆಟ. ಬಿಟ್ಟರಾಯಿತು, ಮೀನಿಗೇನೂ ಆಗುವುದಿಲ್ಲ ಎನ್ನುವವರನ್ನು ನಾನು ನಂಬುವುದಿಲ್ಲ. ಕೈ ಒದ್ದೆ ಮಾಡಿಕೊಂಡು, ನೀರಿನಿಂದ ಮೇಲೆತ್ತದೆ, ಬೇಗ ಗಾಳ ಬಿಡಿಸಿದರೆ ಹೆಚ್ಚಿನವು ಬದುಕುತ್ತವೆ ಎಂಬುದಷ್ಟೇ ನಿಜ. ಬಂದವರೆಲ್ಲ ಒಂದೊಂದು ಮೀನು ಒಯ್ದಿದ್ದರೆ ನಿಮ್ಮ ಪಾಲಿಗೆ ಬರೀ ನೀರು ಉಳಿಯುತ್ತಿತ್ತು.

14 ವರ್ಷ ತುಂಬಿದವರಿಗೆ ಐಡಹೊದ ಪರವಾನಗಿ ಕಡ್ಡಾಯ. ಯೆಲ್ಲೊಸ್ಟೋನ್‌ನದು ಐಡಹೊದಲ್ಲಿ ನಡೆಯದು. ಸಾರಿನ ಮೀನನ್ನು ಅಂಗಡಿಯಲ್ಲಿ ಕೊಳ್ಳಿ. ಮಸಾಲೆ ಪುಡಿ ಮಾತ್ರ ಇಲ್ಲಿಂದಲೇ ಒಯ್ಯಿರಿ.